ಕುಡಿಯುವ ನೀರಿನಲ್ಲಿ ಫ್ಲೋರೈಡ್: ಎಷ್ಟಿದ್ದರೆ ಸಾಕು, ಜಾಸ್ತಿ ಇದ್ದರೆ ಯಾವ ದಾರಿ?

ಎರಡು ಲೋಟ ನೀರು ಮುಂದಿಟ್ಟುಕೊಳ್ಳಿ. ಒಂದರಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಫ್ಲೋರೈಡ್ ಇದೆ, ಇನ್ನೊಂದರಲ್ಲಿ 5 ಮಿಲಿಗ್ರಾಂ. ಎರಡೂ ತಿಳಿಯಾಗಿವೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿ ನೋಡಿದರೂ ಯಾವುದು ಯಾವುದೆಂದು ಹೇಳಲಾಗದು. ಮೊದಲನೆಯದನ್ನು ಮಗು ನಿಶ್ಚಿಂತೆಯಿಂದ ಕುಡಿಯಬಹುದು. ಎರಡನೆಯದನ್ನು ಅದೇ ಮಗು ನಾಲ್ಕೈದು ವರ್ಷ ಕುಡಿದರೆ ಹಲ್ಲಿನ ಮೇಲೆ ಬೀಳುವ ಕಲೆ ತಾನಾಗಿ ಹೋಗುವುದೇ ಇಲ್ಲ. ದೊಡ್ಡವರು ಹಲವು ವರ್ಷ ಕುಡಿದರೆ ಬೆನ್ನು, ಕುತ್ತಿಗೆ, ಕೀಲು ಬಿಗಿಯಾಗುತ್ತಾ ಬರಬಹುದು.

ಹಾಗಾಗಿ ಯಾವ ಫಿಲ್ಟರ್ ಒಳ್ಳೆಯದು ಎಂಬ ಪ್ರಶ್ನೆ ಮೊದಲಿನದಲ್ಲ. ನಿಮ್ಮ ನೀರಿನ ಅಂಕಿ ಎಷ್ಟು, ಅಂದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಫ್ಲೋರೈಡ್ ಇದೆ ಎಂಬುದು ಮೊದಲಿನದು. ಅಂಕಿ ಗೊತ್ತಿಲ್ಲದೆ ಆಯ್ಕೆ ಮಾಡಿದರೆ ಎರಡು ಕಡೆಯೂ ತಪ್ಪಬಹುದು. ಬೇಡದ ಯಂತ್ರ ಮನೆಗೆ ಬರಬಹುದು, ಇಲ್ಲವೇ ಬೇಕಾದದ್ದು ಬರದೇ ಹೋಗಬಹುದು. ಎರಡನೆಯ ತಪ್ಪಿಗೆ ಬೆಲೆ ತೆರುವುದು ಮಕ್ಕಳು.

ಅಂಕಿ ತಿಳಿಯುವುದು ಹೇಗೆ

ಎರಡು ದಾರಿ ಇವೆ. ಒಂದು ಫೀಲ್ಡ್ ಕಿಟ್. ಚಿಕ್ಕ ಗಾಜಿನ ಕೊಳವೆಯಲ್ಲಿ ಗುರುತಿನವರೆಗೆ ನೀರು ತುಂಬಿಸಿ, ಕಿಟ್‌ನಲ್ಲಿ ಹೇಳಿದಷ್ಟು ದ್ರಾವಣ ಹಾಕಿ ಅಲ್ಲಾಡಿಸಬೇಕು. ಫ್ಲೋರೈಡ್ ಕಡಿಮೆಯಿದ್ದರೆ ನೀರು ಗುಲಾಬಿಯಾಗಿಯೇ ಉಳಿಯುತ್ತದೆ. ಜಾಸ್ತಿ ಇದ್ದಷ್ಟೂ ಗುಲಾಬಿ ಮಾಸಿ ಹಳದಿಗೆ ತಿರುಗುತ್ತದೆ. ಪಕ್ಕದಲ್ಲಿ ಬಣ್ಣದ ಪಟ್ಟಿ ಹಿಡಿದು ಯಾವುದಕ್ಕೆ ಹೊಂದುತ್ತದೆ ಎಂದು ನೋಡುತ್ತೇವೆ. ಇದನ್ನು ಹಗಲು ಬೆಳಕಿನಲ್ಲಿ, ಬಿಳಿ ಹಾಳೆಯ ಮುಂದೆ ಹಿಡಿದು ನೋಡಿ. ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಕಣ್ಣು ಮೋಸ ಹೋಗುತ್ತದೆ.

ಇನ್ನೊಂದು ಪ್ರಯೋಗಾಲಯ. ಅಲ್ಲಿ ಫ್ಲೋರೈಡನ್ನು ಮಾತ್ರ ಗುರುತಿಸುವ ಎಲೆಕ್ಟ್ರೋಡ್ ಇಟ್ಟು ಅಳೆಯುತ್ತಾರೆ. 1.2 ಮತ್ತು 1.7ರ ನಡುವಿನ ವ್ಯತ್ಯಾಸ ನಿಖರವಾಗಿ ತಿಳಿಯುವುದು ಅಲ್ಲಿಯೇ. ನನ್ನ ಮಾತು ಕೇಳುವುದಾದರೆ ಮೊದಲ ಬಾರಿ ಪ್ರಯೋಗಾಲಯಕ್ಕೇ ಕೊಡಿ. ಆಮೇಲೆ ಆಗಾಗ ನೋಡಿಕೊಳ್ಳಲು ಕಿಟ್ ಸಾಕು. ನೀರನ್ನು ಶುಭ್ರವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೊಡಿ, ಗಾಜಿನದು ಬೇಡ. ಫ್ಲೋರೈಡ್ ಗಾಜಿನೊಂದಿಗೆ ವರ್ತಿಸಬಹುದು.

ಟಿಡಿಎಸ್ ಮೀಟರ್ ನೋಡಿ ಸಮಾಧಾನ ಮಾಡಿಕೊಳ್ಳುವವರು ಬಹಳ ಜನ. ಆ ಮೀಟರ್ ತೋರಿಸುವುದು ನೀರಿನಲ್ಲಿ ಕರಗಿರುವ ಎಲ್ಲಾ ಲವಣಗಳ ಒಟ್ಟು ಅಂದಾಜನ್ನು. ಅದರಲ್ಲಿ ಫ್ಲೋರೈಡ್ ಎಷ್ಟೆಂದು ಅದು ಹೇಳುವುದಿಲ್ಲ. ಟಿಡಿಎಸ್ 300 ಇರುವ ನೀರಿನಲ್ಲೂ 3 ಮಿಲಿಗ್ರಾಂ ಫ್ಲೋರೈಡ್ ಇರಬಹುದು.

ಪಕ್ಕದ ಮನೆಯ ಬೋರ್‌ವೆಲ್ ವರದಿಯೂ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಫ್ಲೋರೈಡ್ ಬರುವುದು ಕಲ್ಲಿನಿಂದ. ಗ್ರಾನೈಟ್‌ನಂಥ ಗಟ್ಟಿ ಬಂಡೆಗಳಲ್ಲಿ ಫ್ಲೋರೈಟ್, ಅಪಟೈಟ್, ಬಯೋಟೈಟ್ ಎಂಬ ಖನಿಜಗಳಿರುತ್ತವೆ. ನೀರು ಆ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತಷ್ಟೂ ಫ್ಲೋರೈಡ್ ಕರಗುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದು ಬೈಕಾರ್ಬನೇಟ್ ಜಾಸ್ತಿ ಇದ್ದರೆ ಇನ್ನೂ ಸುಲಭವಾಗಿ ಕರಗುತ್ತದೆ. ಒಂದು ಬಿರುಕಿನ ನೀರು ಇನ್ನೊಂದಕ್ಕೆ ಸೇರದಿದ್ದರೆ, ಅಕ್ಕಪಕ್ಕದ ಎರಡು ಬೋರ್‌ವೆಲ್‌ಗಳ ಅಂಕಿ ಎರಡು ಮೂರು ಪಟ್ಟು ಬೇರೆಯಾಗುವುದೂ ಉಂಟು.

0.7, 1.0, 1.5, 4.0: ಯಾವ ಮಿತಿ ಸರಿ?

ಹುಡುಕಲು ಹೋದರೆ ನಾಲ್ಕಾರು ಅಂಕಿ ಸಿಗುತ್ತವೆ, ತಲೆ ಕೆಡುತ್ತದೆ. ಅವು ಒಂದಕ್ಕೊಂದು ವಿರುದ್ಧವಾಗಿ ಕಂಡರೂ ಒಂದೊಂದೂ ಉತ್ತರಿಸುವ ಪ್ರಶ್ನೆ ಬೇರೆ.

ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ 1984ರಿಂದ ಲೀಟರಿಗೆ 1.5 ಮಿಲಿಗ್ರಾಂ. ಯುರೋಪ್ ಒಕ್ಕೂಟ, ಕೆನಡಾ ಇದೇ ಮಿತಿಯನ್ನು ಇಟ್ಟುಕೊಂಡಿವೆ. ಭಾರತದ ಐಎಸ್ 10500 ಮಾನದಂಡ 1.0 ಎನ್ನುತ್ತದೆ. ಬೇರೆ ನೀರೇ ಇಲ್ಲದಿದ್ದರೆ ಮಾತ್ರ 1.5ರವರೆಗೆ ಒಪ್ಪುತ್ತದೆ. ಅಮೆರಿಕದಲ್ಲಿ ಎರಡು ಅಂಕಿ ಓಡಾಡುತ್ತವೆ. ಹಲ್ಲಿನ ಹುಳುಕು ತಡೆಯಲೆಂದು ನೀರಿಗೆ ಬೆರೆಸುವ ಪ್ರಮಾಣ 2015ರಿಂದ 0.7. ಕಾನೂನಿನಂತೆ ದಾಟಬಾರದ ಗರಿಷ್ಠ ಮಿತಿ ಮಾತ್ರ 4.0.

ಈ 4.0 ಕಂಡು ‘ಅಲ್ಲಿಯವರೆಗೂ ತೊಂದರೆಯಿಲ್ಲ’ ಅಂದುಕೊಳ್ಳಬೇಡಿ. ಅದನ್ನು ನಿಗದಿ ಮಾಡಿದ್ದು 1986ರಲ್ಲಿ, ಮೂಳೆಗಳನ್ನು ಊನ ಮಾಡುವ ತೀವ್ರ ಫ್ಲೋರೋಸಿಸ್ (ಫ್ಲೋರೈಡ್ ಅತಿಯಾಗಿ ಹಲ್ಲು, ಮೂಳೆಗೆ ಆಗುವ ತೊಂದರೆ) ತಪ್ಪಿಸುವ ಲೆಕ್ಕದಲ್ಲಿ. ಹಲ್ಲಿನ ಕಲೆಯನ್ನು ತಡೆಯುವ ಲೆಕ್ಕದಲ್ಲಿ ಅಲ್ಲ. ಅದನ್ನು ಇಳಿಸಬೇಕು ಎಂದು ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯೇ 2006ರಲ್ಲಿ ಹೇಳಿದೆ. ನನ್ನ ಮಟ್ಟಿಗೆ ಮಕ್ಕಳಿರುವ ಮನೆಗೆ ಆ ಅಂಕಿ ಲೆಕ್ಕಕ್ಕೇ ಇಲ್ಲ.

1.0 ಮತ್ತು 1.5ರಲ್ಲಿ ಯಾವುದು? ಇಲ್ಲಿ ಸೆಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎನ್ನುವಷ್ಟೇ ಮುಖ್ಯ, ದಿನಕ್ಕೆ ಎಷ್ಟು ನೀರು ಕುಡಿಯುತ್ತೇವೆ ಎನ್ನುವುದು. 1.5 ಇರುವ ನೀರನ್ನು ತಂಪು ಜಾಗದಲ್ಲಿ ದಿನಕ್ಕೆ ಒಂದೂವರೆ ಲೀಟರ್ ಕುಡಿಯುವವರ ದೇಹಕ್ಕೆ 2.25 ಮಿಲಿಗ್ರಾಂ ಹೋಗುತ್ತದೆ. ಅದೇ ನೀರನ್ನು ಬಿಸಿಲಲ್ಲಿ ಮೈಮುರಿದು ದುಡಿಯುವವರು ನಾಲ್ಕು ಲೀಟರ್ ಕುಡಿದರೆ 6 ಮಿಲಿಗ್ರಾಂ. ದಿನಕ್ಕೆ ಸುಮಾರು 6 ಮಿಲಿಗ್ರಾಂ ದಾಟಿದರೆ ಮೂಳೆಗೆ ತೊಂದರೆಯ ಸೂಚನೆಗಳು ಶುರುವಾಗುತ್ತವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಪರಿಶೀಲನೆ. ಒಂದೇ ನೀರು ಒಬ್ಬರಿಗೆ ನಿರಾಳ, ಇನ್ನೊಬ್ಬರಿಗೆ ಅಂಚು. ಅದಕ್ಕೇ ಬಿಸಿಲು ಜಾಸ್ತಿ ಇರುವ ಕಡೆ, ಮೈಬಗ್ಗಿಸಿ ದುಡಿಯುವವರ ಮನೆಯಲ್ಲಿ, ನಾನು 1.0 ಅನ್ನೇ ಗಡಿ ಎಂದು ಹಿಡಿಯುತ್ತೇನೆ.

ಮಕ್ಕಳ ಮಿದುಳಿನ ವಿಷಯವೂ ಈಗ ಮುಂದೆ ಬಂದಿದೆ. 1.5ಕ್ಕಿಂತ ಜಾಸ್ತಿ ಫ್ಲೋರೈಡ್ ಇರುವ ಕಡೆ ಮಕ್ಕಳ ಬುದ್ಧಿಮಟ್ಟ ಕಡಿಮೆ ಇರುವುದಕ್ಕೂ ಫ್ಲೋರೈಡಿಗೂ ನಂಟು ಕಾಣುತ್ತದೆ ಎಂದು ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ 2024ರಲ್ಲಿ ಮಧ್ಯಮ ಮಟ್ಟದ ಖಾತರಿಯಿಂದ ಹೇಳಿತು. 0.7ರಲ್ಲಿ ಹೀಗಾಗುತ್ತದೆಯೇ ಎಂದು ಹೇಳಲು ಸಾಕಷ್ಟು ಮಾಹಿತಿ ಇಲ್ಲ ಎಂದೂ ಅದೇ ವರದಿಯಲ್ಲಿದೆ. ಅರ್ಧ ಓದಿ ಹೆದರುವುದು ಬೇಡ, ಅರ್ಧ ಓದಿ ತಳ್ಳಿಹಾಕುವುದೂ ಬೇಡ.

ಅಂಕಿ 0.5ಕ್ಕಿಂತ ಕಡಿಮೆ ಬಂದರೆ

ಭಯಪಡುವಂಥದ್ದು ಏನೂ ಇಲ್ಲ. ಹಲ್ಲಿಗೆ ನೀರಿನಿಂದ ಸಿಗುವ ರಕ್ಷಣೆ ಸ್ವಲ್ಪ ಕಡಿಮೆ ಅಷ್ಟೇ. ಅದನ್ನು ತುಂಬಿಕೊಳ್ಳಲು ಇರುವ ಆಯ್ಕೆ ಎರಡು: ಊರಿನ ನೀರಿಗೇ ಫ್ಲೋರೈಡ್ ಬೆರೆಸುವುದು, ಇಲ್ಲವೇ ಪೇಸ್ಟ್.

ನೀರಿಗೆ ಬೆರೆಸುವುದು ಶುರುವಾದದ್ದು 1945ರ ಜನವರಿಯಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದಲ್ಲಿ. ಅದರ ಹಿಂದಿನ ಕಥೆ ಶುರುವಾಗುವುದು ಮಾತ್ರ ಕಲೆಯಿಂದ. ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ 1901ರಲ್ಲಿ ಕೊಲರಾಡೋ ಸ್ಪ್ರಿಂಗ್ಸ್‌ಗೆ ಬಂದಾಗ ಅಲ್ಲಿನ ಎಷ್ಟೋ ಜನರ ಹಲ್ಲು ಕಂದು ಬಣ್ಣಕ್ಕೆ ತಿರುಗಿದ್ದನ್ನು ಕಂಡ. ಆ ಹಲ್ಲುಗಳಿಗೆ ಹುಳುಕು ಕಡಿಮೆ ಎಂಬುದೂ ಅವನ ಗಮನಕ್ಕೆ ಬಂತು. ಕಾರಣ ನೀರಿನ ಫ್ಲೋರೈಡ್ ಎಂದು ತಿಳಿಯಲು 1931ರವರೆಗೆ ಕಾಯಬೇಕಾಯಿತು. ಮುಂದೆ ಟ್ರೆಂಡ್ಲಿ ಡೀನ್ ಎಂಬ ಇನ್ನೊಬ್ಬ ದಂತವೈದ್ಯರು ಊರೂರಿನ ನೀರು, ಊರೂರಿನ ಮಕ್ಕಳ ಹಲ್ಲು ಹೋಲಿಸಿ ನೋಡಿ, 1 ಮಿಲಿಗ್ರಾಂ ಆಸುಪಾಸಿನಲ್ಲಿ ಹುಳುಕು ಕಡಿಮೆ, ಎದ್ದು ಕಾಣುವ ಕಲೆಯೂ ಅಪರೂಪ ಎಂದು ಕಂಡುಕೊಂಡರು.

ಆಗ ಫ್ಲೋರೈಡ್ ಪೇಸ್ಟ್ ಇರಲಿಲ್ಲ. ಈಗ ಇದೆ, ಅಲ್ವಾ? ಲೆಕ್ಕ ಬದಲಾಗಿದ್ದು ಅಲ್ಲಿಯೇ. 1975ರ ನಂತರದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಜಾಲದ ಪರಿಶೀಲನೆ 2024ರಲ್ಲಿ ಹೊರಬಂತು. ನೀರಿಗೆ ಫ್ಲೋರೈಡ್ ಬೆರೆಸಿದರೆ ಮಗುವೊಂದಕ್ಕೆ ಸರಾಸರಿ ಕಾಲು ಹಾಲುಹಲ್ಲಿನಷ್ಟು ಹುಳುಕು ತಪ್ಪಬಹುದು ಎಂದು ಅದು ಅಂದಾಜು ಮಾಡಿತು. ಹಿಂದಿಗಿಂತ ಲಾಭ ಚಿಕ್ಕದು. ಹಾಗೆಂದು ಸೊನ್ನೆಯಲ್ಲ. ಕೆನಡಾದ ಕ್ಯಾಲ್ಗರಿ ನಗರ 2011ರಲ್ಲಿ ಬೆರೆಸುವುದನ್ನು ನಿಲ್ಲಿಸಿತು. ಏಳೆಂಟು ವರ್ಷದ ನಂತರ ನೋಡಿದರೆ ಎರಡನೇ ತರಗತಿಯ ಮಕ್ಕಳಲ್ಲಿ ಶೇ. 65ರಷ್ಟು ಮಂದಿಗೆ ಹುಳುಕಿತ್ತು. ನಿಲ್ಲಿಸದೇ ಇದ್ದ ಎಡ್ಮಂಟನ್ ನಗರದಲ್ಲಿ ಶೇ. 55. ಕ್ಯಾಲ್ಗರಿ 2025ರಲ್ಲಿ ಮತ್ತೆ ಶುರು ಮಾಡಿತು. ಅದೇ ವರ್ಷ ಅಮೆರಿಕದ ಯೂಟಾ ರಾಜ್ಯ ನೀರಿಗೆ ಬೆರೆಸುವುದನ್ನೇ ನಿಷೇಧಿಸಿತು.

ಊರಿನ ನೀರಿನ ತೀರ್ಮಾನ ನಮ್ಮೊಬ್ಬರ ಕೈಯಲ್ಲಿಲ್ಲ. ಪೇಸ್ಟ್ ಇದೆ. ಫ್ಲೋರೈಡ್ ಹೆಚ್ಚಾಗಿ ಕೆಲಸ ಮಾಡುವುದು ಹಲ್ಲಿನ ಮೇಲ್ಮೈಗೆ ತಾಗಿದಾಗ, ನುಂಗಿದಾಗ ಅಲ್ಲ. ಹಾಗಾಗಿ ದಿನಕ್ಕೆ ಎರಡು ಸಲ ಫ್ಲೋರೈಡ್ ಪೇಸ್ಟ್‌ನಲ್ಲಿ ಉಜ್ಜುವ ಮನೆಗೆ ನೀರಿನಲ್ಲಿ ಫ್ಲೋರೈಡ್ ಕಡಿಮೆಯಿರುವುದು ದೊಡ್ಡ ಕೊರತೆಯಲ್ಲ. ಪೇಸ್ಟ್ ಕೊಳ್ಳಲಾಗದ, ಉಜ್ಜಿಸುವವರೇ ಇಲ್ಲದ ಮಕ್ಕಳಿಗೆ ನೀರು ಮಾತ್ರ ತಾನಾಗಿ ತಲುಪುತ್ತದೆ. ಬೆರೆಸಬೇಕು ಎನ್ನುವವರ ವಾದದಲ್ಲಿ ನನ್ನ ಮನಸ್ಸಿಗೆ ತಟ್ಟುವುದು ಇದೊಂದೇ.

ಆದರೆ ಪೇಸ್ಟ್‌ನ ಅಳತೆ ಮರೆಯಬೇಡಿ. 1000 ಪಿಪಿಎಂ ಎಂದು ಬರೆದಿರುವ ಪೇಸ್ಟ್ ಒಂದು ಗ್ರಾಂ ನುಂಗಿದರೆ 1 ಮಿಲಿಗ್ರಾಂ ಫ್ಲೋರೈಡ್ ಒಳಗೆ ಹೋದಂತೆ. 1.0 ಇರುವ ನೀರು ಪೂರ್ತಿ ಒಂದು ಲೀಟರ್ ಕುಡಿದಷ್ಟು! ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಯಷ್ಟು ಸಾಕು. ಉಗುಳುವುದನ್ನು ಕಲಿಸಿ.

0.5ರಿಂದ 1.5ರ ನಡುವೆ

1.0ರೊಳಗಿದ್ದರೆ ಏನೂ ಮಾಡಬೇಡಿ. ಇದ್ದ ನೀರನ್ನೇ ಕುಡಿಯಿರಿ.

1.0ರಿಂದ 1.5ರ ನಡುವೆ ಬಂದರೆ ಮನೆಯಲ್ಲಿ ಯಾರ‍್ಯಾರಿದ್ದಾರೆ ನೋಡಿ. ಎಂಟು ವರ್ಷದೊಳಗಿನ ಮಕ್ಕಳಿದ್ದರೆ ಅವರಿಗಾದರೂ ಬೇರೆ ನೀರು ಕೊಡುವುದು ಒಳ್ಳೆಯದು. ಕಾಯಂ ಹಲ್ಲುಗಳು ವಸಡಿನ ಒಳಗೆ ರೂಪುಗೊಳ್ಳುವುದು ಆ ವಯಸ್ಸಿನೊಳಗೆ. ಕಲೆ ಬೀಳುವುದೂ ಆಗಲೇ. ಹಲ್ಲು ಹೊರಬಂದ ಮೇಲೆ ಯಾವ ನೀರು ಕುಡಿದರೂ ಆ ಹಲ್ಲಿಗೆ ಹೊಸದಾಗಿ ಫ್ಲೋರೋಸಿಸ್ ಬರುವುದಿಲ್ಲ. ಎದೆಹಾಲಿನಲ್ಲಿ ಫ್ಲೋರೈಡ್ ತೀರಾ ಕಡಿಮೆ, ಅದು ಮಗುವಿಗೆ ದೊಡ್ಡ ರಕ್ಷೆ. ಹಾಲಿನ ಪುಡಿ ಕಲಸಿ ಕೊಡುವುದಾದರೆ ಕಲಸುವ ನೀರಿನ ಫ್ಲೋರೈಡ್ ಪೂರ್ತಿ ಮಗುವಿನ ಹೊಟ್ಟೆಗೇ ಹೋಗುತ್ತದೆ. ಅಲ್ಲಿ ಕಡಿಮೆ ಫ್ಲೋರೈಡಿನ ನೀರೇ ಬೇಕು. ಕಿಡ್ನಿ ತೊಂದರೆ ಇರುವವರಿಗೂ ಇದೇ ಮಾತು. ಫ್ಲೋರೈಡನ್ನು ಹೊರಹಾಕುವುದು ಕಿಡ್ನಿ. ಅದು ಸೋತರೆ ಫ್ಲೋರೈಡ್ ಮೂಳೆಯಲ್ಲೇ ಕೂರುತ್ತದೆ.

ಮಗುವಿನ ಹಲ್ಲು ಒಮ್ಮೆ ನೀವೇ ನೋಡಿ. ಮುಂದಿನ ಹಲ್ಲನ್ನು ಹತ್ತಿಯಿಂದ ಒರೆಸಿ ಒಣಗಿಸಿ, ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ. ಸೀಮೆಸುಣ್ಣದಲ್ಲಿ ಎಳೆದಂಥ ತೆಳು ಬಿಳಿ ಗೆರೆಗಳು ಅಡ್ಡಡ್ಡವಾಗಿ ಕಾಣುತ್ತವೆಯೇ? ಎಡಗಡೆಯ ಹಲ್ಲಿನಲ್ಲಿ ಇದ್ದದ್ದು ಬಲಗಡೆಯ ಜೋಡಿ ಹಲ್ಲಿನಲ್ಲೂ ಇದೆಯೇ? ಹಾಗಿದ್ದರೆ ಫ್ಲೋರೋಸಿಸ್ ಇರಬಹುದು. ಒಂದೇ ಹಲ್ಲಿನಲ್ಲಿ ಕಲೆ ಇದ್ದರೆ, ಅಥವಾ ಕಲೆ ವಸಡಿನ ಅಂಚಿಗೆ ಅಂಟಿಕೊಂಡಿದ್ದು ಕೆರೆದರೆ ಹೋಗುವಂತಿದ್ದರೆ, ಕಾರಣ ಬೇರೆ. ಖಾತರಿಗೆ ದಂತವೈದ್ಯರಿಗೆ ತೋರಿಸಿ.

1.5 ದಾಟಿದರೆ: ದಾರಿಗಳನ್ನು ಹೋಲಿಸೋಣ

ಮೊದಲು, ಕೆಲಸಕ್ಕೆ ಬಾರದವು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಉಳಿಯುವುದರಿಂದ ಅಂಕಿ ಇನ್ನೂ ಏರುತ್ತದೆ. ಕ್ಯಾಂಡಲ್ ಫಿಲ್ಟರ್, ಸಾಧಾರಣ ಇದ್ದಿಲಿನ ಫಿಲ್ಟರ್, ಯುವಿ, ಕ್ಲೋರಿನ್, ಬಟ್ಟೆಯಲ್ಲಿ ಸೋಸುವುದು, ಇವು ಯಾವುವೂ ಫ್ಲೋರೈಡಿನ ಮೇಲೆ ಕೆಲಸ ಮಾಡುವುದಿಲ್ಲ. ಇವು ಕ್ರಿಮಿಗೆ, ಕೊಳೆಗೆ, ವಾಸನೆಗೆ ಇರುವಂಥವು. ಗಡಸು ನೀರು ಮೆದು ಮಾಡುವ ಯಂತ್ರವೂ ಅಷ್ಟೇ.

ಕೆಲಸಕ್ಕೆ ಬರುವವುಗಳಲ್ಲಿ ನನ್ನ ಮೊದಲ ಆಯ್ಕೆ ಯಂತ್ರವೇ ಅಲ್ಲ, ಬೇರೆ ನೀರು. ನದಿ, ಕೆರೆ, ಜಲಾಶಯದ ನೀರಿನಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ. ಕಲ್ಲಿನ ಸಂಗ ಕಡಿಮೆ ಇರುವುದರಿಂದ ಆಳವಿಲ್ಲದ ತೆರೆದ ಬಾವಿಯಲ್ಲೂ ಹೆಚ್ಚಾಗಿ ಕಡಿಮೆಯೇ ಇರುತ್ತದೆ. ಆದರೂ ಪರೀಕ್ಷೆ ಮಾಡಿಯೇ ನಂಬಿ. ಮಳೆನೀರಿನಲ್ಲಂತೂ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇಲ್ಲಿ ಬೇಕಾದದ್ದು ಶುಭ್ರವಾದ ಛಾವಣಿ, ಮೊದಲ ಮಳೆಯನ್ನು ಹೊರಗೆ ಬಿಡುವ ಪೈಪು, ಬೆಳಕು ಬೀಳದ ತೊಟ್ಟಿ, ಕುಡಿಯುವ ಮೊದಲು ಕ್ರಿಮಿ ಕೊಲ್ಲುವ ಒಂದು ವ್ಯವಸ್ಥೆ. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಹಳೆಯ ನೀರನ್ನೇ ಬಳಸಿ, ಫ್ಲೋರೈಡ್ ಚರ್ಮದ ಮೂಲಕ ಒಳಗೆ ಹೋಗುವುದಿಲ್ಲ. ಬೇಕಾಗಿರುವುದು ಕುಡಿಯಲು ಮತ್ತು ಅಡುಗೆಗೆ ಮಾತ್ರ. ತಲೆಗೆ ದಿನಕ್ಕೆ ಐದು ಲೀಟರ್ ಹಿಡಿದರೂ ನಾಲ್ಕು ಜನರಿಗೆ ಇಪ್ಪತ್ತು ಲೀಟರ್ ಆಯಿತು. ಲೆಕ್ಕ ಹಾಕಿ ನೋಡಿದಾಗ ತೊಟ್ಟಿ ಅಂದುಕೊಂಡಷ್ಟು ದೊಡ್ಡದಾಗುವುದಿಲ್ಲ.

ಪೂರ್ತಿ ಬದಲಿಸುವಷ್ಟು ಮಳೆನೀರು ಇಲ್ಲವೇ? ಬೆರೆಸಿ. 3.0 ಇರುವ ನೀರು ಒಂದು ಕೊಡ, 0.3 ಇರುವ ನೀರು ಎರಡು ಕೊಡ ಸೇರಿಸಿದರೆ 1.2 ಆಗುತ್ತದೆ. ಮೂರು ಕೊಡ ಸೇರಿಸಿದರೆ ಒಂದರ ಸ್ವಲ್ಪ ಕೆಳಗೆ. ಬೆರೆಸುವ ಎರಡೂ ನೀರಿನ ಅಂಕಿ ಗೊತ್ತಿರಬೇಕು ಅಷ್ಟೇ.

ಆರ್‌ಒ, ಅಂದರೆ ಒತ್ತಡ ಹಾಕಿ ನೀರನ್ನು ಸೂಕ್ಷ್ಮ ಪೊರೆಯಲ್ಲಿ ಸೋಸುವ ಯಂತ್ರ, ಎಲ್ಲರಿಗೂ ಗೊತ್ತಿರುವುದು. ಪೊರೆ ಸರಿಯಾಗಿದ್ದರೆ ಸುಮಾರು ಶೇ. 85ರಿಂದ 95ರಷ್ಟು ಫ್ಲೋರೈಡ್ ತೆಗೆಯುತ್ತದೆ. ಅಂದರೆ 5.0 ಇದ್ದದ್ದು 0.75ರೊಳಗೆ ಬರುತ್ತದೆ. ಫ್ಲೋರೈಡ್ ಜೊತೆಗೆ ನೀರು ಉಪ್ಪುಪ್ಪಾಗಿಯೂ ಇದ್ದರೆ ಇದಕ್ಕಿಂತ ಸಲೀಸಾದ ದಾರಿ ಇಲ್ಲ. ಕಷ್ಟ ಇರುವುದು ಹಿಂದಿನ ಪೈಪಿನಲ್ಲಿ. ಮನೆಯ ಎಷ್ಟೋ ಯಂತ್ರಗಳು ಒಂದು ಲೀಟರ್ ಒಳ್ಳೆ ನೀರಿಗೆ ಎರಡು ಮೂರು ಲೀಟರ್ ಹೊರಗೆ ಬಿಡುತ್ತವೆ. ಆ ನೀರಿನಲ್ಲಿ ಫ್ಲೋರೈಡ್ ಮೊದಲಿಗಿಂತ ಗಾಢವಾಗಿರುತ್ತದೆ. ಅದನ್ನು ಕುಡಿಯಲು, ಅಡುಗೆಗೆ, ದನಕರುಗಳಿಗೆ ಕೊಡಬೇಡಿ. ನೆಲ ಒರೆಸಲು, ಶೌಚಾಲಯಕ್ಕೆ ಆಗುತ್ತದೆ. ಹಲವು ಯಂತ್ರಗಳಲ್ಲಿ ರುಚಿಗೆಂದು ಸ್ವಲ್ಪ ಮೂಲ ನೀರನ್ನೇ ಮತ್ತೆ ಬೆರೆಸುವ ತಿರುಪು ಇರುತ್ತದೆ. ಫ್ಲೋರೈಡ್ ಇರುವ ಕಡೆ ಅದನ್ನು ಸುಮ್ನೆ ತಿರುಗಿಸಬೇಡಿ. ತಿರುಗಿಸಿದರೆ ಹೊರಬರುವ ನೀರನ್ನು ಮತ್ತೆ ಪರೀಕ್ಷಿಸಿ.

ಆ್ಯಕ್ಟಿವೇಟೆಡ್ ಅಲ್ಯುಮಿನಾ ಎಂಬ ಬಿಳಿ ಹರಳುಗಳ ಫಿಲ್ಟರ್‌ಗೆ ಕರೆಂಟ್ ಬೇಡ, ನೀರು ಪೋಲಾಗುವುದಿಲ್ಲ. ಹರಳುಗಳ ಮೇಲ್ಮೈ ಫ್ಲೋರೈಡನ್ನು ಹಿಡಿದುಕೊಳ್ಳುತ್ತದೆ. ಉಪ್ಪಿನಂಶ ಕಡಿಮೆ ಇದ್ದು ಫ್ಲೋರೈಡ್ ಒಂದೇ ತೊಂದರೆಯಾಗಿದ್ದರೆ ಆರ್‌ಒಗಿಂತ ನನಗೆ ಇದೇ ಇಷ್ಟ. ಆದರೆ ಇದು ಸದ್ದಿಲ್ಲದೆ ಸೋಲುತ್ತದೆ. ಹರಳು ತುಂಬಿಹೋದ ದಿನ ನೀರಿನ ಬಣ್ಣ ಬದಲಾಗುವುದಿಲ್ಲ, ರುಚಿ ಬದಲಾಗುವುದಿಲ್ಲ. ನೀರು ಸಲೀಸಾಗಿ ಬರುತ್ತಲೇ ಇರುತ್ತದೆ, ಫ್ಲೋರೈಡ್ ಸಮೇತ. ಹರಳನ್ನು ಕಾಸ್ಟಿಕ್ ಸೋಡಾದಲ್ಲಿ ತೊಳೆದು, ಆಮ್ಲದಿಂದ ಸರಿಮಾಡಿ ಮತ್ತೆ ಬಳಸಬಹುದು. ಅದು ತಿಳಿದವರ ಕೆಲಸ, ಅಡುಗೆಮನೆಯಲ್ಲಿ ಮಾಡುವಂಥದ್ದಲ್ಲ. ನೀರು ಕ್ಷಾರವಾಗಿದ್ದಷ್ಟೂ ಹರಳಿನ ಹಿಡಿತ ಕಡಿಮೆ, ಬೇಗ ತುಂಬುತ್ತದೆ. ಹಾಗಾಗಿ ಹರಳು ಬದಲಿಸಿಕೊಡುವವರು ಹತ್ತಿರದಲ್ಲಿ ಇದ್ದಾರೆಯೇ ಎಂದು ಕೇಳಿಕೊಂಡೇ ಈ ದಾರಿ ಹಿಡಿಯಿರಿ.

ನಲ್ಗೊಂಡ ವಿಧಾನದ್ದು ಇನ್ನೊಂದು ರೀತಿ. ನಾಗಪುರದ ‘ನೀರಿ’ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ರೂಪಿಸಿದ್ದು. ಬಕೆಟ್ ನೀರಿಗೆ ಪಟಿಕ, ಸುಣ್ಣ, ಸ್ವಲ್ಪ ಬ್ಲೀಚಿಂಗ್ ಪೌಡರ್ ಹಾಕಿ ಹತ್ತು ನಿಮಿಷ ನಿಧಾನಕ್ಕೆ ತಿರುಗಿಸಬೇಕು. ನೋಡುತ್ತಿದ್ದಂತೆ ಹತ್ತಿಯ ಎಳೆಗಳಂಥ ಬಿಳಿ ಚೂರುಗಳು ಮೂಡಿ, ಒಂದಕ್ಕೊಂದು ಅಂಟಿ, ಕೆಳಗಿಳಿಯುತ್ತವೆ. ಒಂದು ಗಂಟೆ ಅಲ್ಲಾಡಿಸದೆ ಬಿಟ್ಟು ಮೇಲಿನ ತಿಳಿನೀರು ತೆಗೆದುಕೊಳ್ಳಬೇಕು. ಸಾಮಾನು ಎಲ್ಲೆಡೆ ಸಿಗುತ್ತದೆ. ಆದರೆ ಪಟಿಕದ ಅಳತೆ ಫ್ಲೋರೈಡಿಗೂ ನೀರಿನ ಕ್ಷಾರಕ್ಕೂ ತಕ್ಕಂತೆ ಬದಲಾಗುತ್ತದೆ. ಅಳತೆ ತಪ್ಪಿದರೆ ಫ್ಲೋರೈಡ್ ಉಳಿಯುತ್ತದೆ, ಇಲ್ಲವೇ ಅಲ್ಯುಮಿನಿಯಂ ನೀರಿಗೆ ಸೇರುತ್ತದೆ. ಪ್ರತಿದಿನ ಮಾಡಬೇಕು, ತಳದ ಗಸಿಯನ್ನು ಜೋಪಾನವಾಗಿ ಎಸೆಯಬೇಕು. ಒಂದು ಮನೆಯಲ್ಲಿ ವರ್ಷಗಟ್ಟಲೆ ಇದನ್ನು ನಡೆಸುವುದು ಕಷ್ಟ. ಒಬ್ಬರು ಹೊಣೆ ಹೊತ್ತು ಊರಿಗೆಲ್ಲಾ ಮಾಡುವುದಾದರೆ ಸರಿ.

ಪೂರ್ವ ಆಫ್ರಿಕಾದ ಟಾಂಜಾನಿಯಾ, ಕೀನ್ಯಾಗಳಲ್ಲಿ ಮೂಳೆ ಇದ್ದಿಲಿನ ಫಿಲ್ಟರ್ ಬಳಸುತ್ತಾರೆ. ಚೆನ್ನಾಗಿ ಕೆಲಸ ಮಾಡುತ್ತದೆ. ಪ್ರಾಣಿಯ ಮೂಳೆ ಎಂಬ ಕಾರಣಕ್ಕೆ ಎಲ್ಲರೂ ಒಪ್ಪುವುದಿಲ್ಲ.

3.0ರ ಮೇಲೆ ಬಂದಿದ್ದರೆ ಯಾವುದು ಅತ್ಯುತ್ತಮ ಎಂದು ತಿಂಗಳುಗಟ್ಟಲೆ ಯೋಚಿಸುತ್ತಾ ಕೂರಬೇಡಿ. 3ರಿಂದ 6ರ ನಡುವೆ ವರ್ಷಗಟ್ಟಲೆ ಕುಡಿದವರಲ್ಲಿ ಮೂಳೆಯ ಫ್ಲೋರೋಸಿಸ್ ಕಾಣುತ್ತದೆ. 10 ದಾಟಿದ ಕಡೆ ದೇಹವನ್ನು ಬಗ್ಗಿಸಿ ಬಿಡುತ್ತದೆ. ಇಂದಿನಿಂದಲೇ ಮಕ್ಕಳಿಗೆ, ಬಸುರಿಯರಿಗೆ ಬೇರೆ ನೀರು ತನ್ನಿ. ಉಳಿದದ್ದನ್ನು ಆಮೇಲೆ ತೀರ್ಮಾನಿಸಿ. ಊಟದಲ್ಲಿ ಕ್ಯಾಲ್ಸಿಯಂ ಚೆನ್ನಾಗಿದ್ದರೆ ಹೊಟ್ಟೆಯಲ್ಲೇ ಒಂದಷ್ಟು ಫ್ಲೋರೈಡನ್ನು ಅದು ಹಿಡಿದಿಡುತ್ತದೆ. ಅದು ಆಸರೆ, ನೀರು ಬದಲಿಸುವುದಕ್ಕೆ ಸಮವಲ್ಲ. ಚಹಾ ಎಲೆಯಲ್ಲೂ ಫ್ಲೋರೈಡ್ ಇರುತ್ತದೆ. ಇಂಥ ನೀರಿನಲ್ಲಿ ದಿನಕ್ಕೆ ಆರೇಳು ಲೋಟ ಕಡು ಚಹಾ ಕುಡಿಯುವವರು ಅದನ್ನು ಇಳಿಸಿ.

ಯಾವ ದಾರಿ ಹಿಡಿದರೂ ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡಿಸಿ. ಬೇಸಿಗೆಯ ಕೊನೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ. ಫಿಲ್ಟರ್‌ಗೆ ಹೋಗುವ ನೀರು, ಫಿಲ್ಟರ್‌ನಿಂದ ಬರುವ ನೀರು, ಎರಡನ್ನೂ ಬೇರೆ ಬೇರೆ ಬಾಟಲಿಯಲ್ಲಿ ಹಿಡಿಯಿರಿ. ದಿನಾಂಕ ಮತ್ತು ಅಂಕಿಯನ್ನು ಫಿಲ್ಟರ್ ಮೇಲೆಯೇ ಒಂದು ಚೀಟಿ ಅಂಟಿಸಿ ಬರೆದಿಡಿ. ಹೊರಬರುವ ನೀರಿನ ಅಂಕಿ 1.0 ಮುಟ್ಟಿತೆಂದರೆ ಪೊರೆಯನ್ನೋ ಹರಳನ್ನೋ ಬದಲಿಸುವ ದಿನ ಬಂತು.